ಸರ್ಕೀಟು ಹೋದ ನ್ಯಾಯಾಧೀಶರು

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ "ಅಮಲ್ದಾರರು ಸರ್ಕೀಟು ಬರುತ್ತಾರಂತೆ" ಎಂಬ ಸುದ್ದಿ ಬಂದಿತೆಂದರೆ ಶಾನುಭೋಗರ ಮನೆಯಲ್ಲಿ ಆ ರಾತ್ರಿ ದೀಪ ಆರುತ್ತಿರಲಿಲ್ಲ. ಖಾತೆ ಕಿರ್ದಿಗಳನ್ನು ಅಟ್ಟದಿಂದ ಇಳಿಸುವುದು, ಧೂಳು ಕೊಡವುವುದು, ಬಿಟ್ಟುಹೋದ ಲೆಕ್ಕವನ್ನು ತುಂಬುವುದು, ಇದೇ ಕೆಲಸ. ನಮ್ಮ ತಾತ ಶಾನುಭೋಗಿಕೆ ಮಾಡಿದವರು. ಅವರ ಬಾಯಿಂದ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅದು ಇಂಗ್ಲಿಷಿನ 'ಸರ್ಕ್ಯೂಟ್' ಎಂಬ ಶಬ್ದದ ತದ್ಭವವೆಂದು ಅವರಿಗೆ ತಿಳಿದಿದ್ದಿತೋ ಇಲ್ಲವೋ ಕಾಣೆ. ತಿಳಿದಿದ್ದರೂ ಅದರಿಂದ ಅವರಿಗೆ ಆಗಬೇಕಾದುದೇನೂ ಇರಲಿಲ್ಲ. ಅಧಿಕಾರಿ ಕುದುರೆಯ ಮೇಲೋ ಗಾಡಿಯಲ್ಲೋ ಊರೂರು ತಿರುಗಿ ಬರುವುದು ಸರ್ಕೀಟು, ಅಷ್ಟೇ.

ಈ ಮಾತು ನನಗೆ ಮತ್ತೆ ನೆನಪಾದುದು ತೀರ ಬೇರೆಯೊಂದು ಸಂದರ್ಭದಲ್ಲಿ. ಕನ್ನಡ ಪಂಡಿತನಾಗಿ ಪ್ರೌಢಶಾಲೆಯಲ್ಲಿ ಪಾಠ ಹೇಳುವ ನಾನು, ಕೆಲವು ವರ್ಷಗಳಿಂದ, ಬಿಡುವಿನ ವೇಳೆಯಲ್ಲಿ ಅಂತರಜಾಲದ ವಿಶ್ವಕೋಶಕ್ಕೆ ಲೇಖನ ಬರೆಯುವ, ಬರೆದುದನ್ನು ತಿದ್ದುವ ಚಾಳಿಯನ್ನು ಹತ್ತಿಸಿಕೊಂಡಿದ್ದೇನೆ. ವಿಕಿಪೀಡಿಯವೆಂಬ ಆ ಕೋಶ ಇಂಗ್ಲಿಷಿನಲ್ಲಿ ೨೦೦೧ರಲ್ಲಿಯೂ ಕನ್ನಡದಲ್ಲಿ ೨೦೦೩ರಲ್ಲಿಯೂ ಆರಂಭವಾಯಿತು. ಅದಕ್ಕೆ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು ಎಂಬುದು ಎಲ್ಲರಿಗೂ ತಿಳಿದ ಸಂಗತಿ. ನಮ್ಮ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಚರ್ಚಾಸ್ಪರ್ಧೆಗೆಂದು ಅಮೆರಿಕದ ನ್ಯಾಯಾಂಗವನ್ನು ಕುರಿತು ವಿಷಯ ಸಂಗ್ರಹಿಸುತ್ತಿದ್ದವನು ಒಂದು ದಿನ ಬಂದು, "ಸಾರ್, ಅಲ್ಲಿ ಸರ್ಕ್ಯೂಟ್ ಕೋರ್ಟು ಅಂತ ಇದೆಯಲ್ಲ, ಅದು ಊರಿಂದ ಊರಿಗೆ ಹೋಗುತ್ತದೆಯೆ?" ಎಂದು ಕೇಳಿದನು. ಸುಲಭವಾದ ಪ್ರಶ್ನೆಯೆಂದುಕೊಂಡು ಉತ್ತರ ಹೇಳಲು ಬಾಯಿ ತೆರೆದೆ. ಹೋಗುತ್ತದೆ ಎಂದರೂ ತಪ್ಪಾಗುತ್ತದೆ, ಹೋಗುವುದಿಲ್ಲ ಎಂದರೂ ತಪ್ಪಾಗುತ್ತದೆ ಎಂಬುದು ಆಮೇಲೆ ತಿಳಿಯಿತು. ಆ ಲೇಖನವನ್ನು ಕನ್ನಡದಲ್ಲಿ ಸರಿಯಾಗಿ ಬರೆಯಬೇಕೆಂದು ನಾನು ಕುಳಿತದ್ದು ಅಂದಿನಿಂದ. ಹೀಗೆ ಕುಳಿತಾಗ ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಎರಡು ಬಗೆಯ ನ್ಯಾಯಾಲಯಗಳುಂಟು. ಆಯಾ ಸಂಸ್ಥಾನದವು ಒಂದು, ಒಕ್ಕೂಟದ ಸರ್ಕಾರದವು ಇನ್ನೊಂದು. ಈ ಎರಡನೆಯವನ್ನು ಫೆಡರಲ್ ನ್ಯಾಯಾಲಯಗಳೆನ್ನುತ್ತಾರೆ. ಅವುಗಳಲ್ಲಿ ಕೆಳಗೆ ಜಿಲ್ಲಾ ನ್ಯಾಯಾಲಯ, ಮೇಲೆ ಸುಪ್ರೀಂ ಕೋರ್ಟು, ನಡುವೆ ಅಪೀಲು ನ್ಯಾಯಾಲಯ. ಈ ನಡುವಿನ ಮೆಟ್ಟಿಲಿನ ನ್ಯಾಯಾಲಯಗಳು ಇಂದು ೧೩ ಇವೆ. ಅವುಗಳಿಗೆ ಕಾನೂನು ಗೊತ್ತುಮಾಡಿದ ನ್ಯಾಯಾಧೀಶರ ಸ್ಥಾನಗಳು ೧೭೯. ಸುಪ್ರೀಂ ಕೋರ್ಟಿನವರೆಗೆ ಹೋಗಿ ಅಲ್ಲಿ ವಿಚಾರಣೆಗೆ ಅಂಗೀಕೃತವಾಗುವ ಮೊಕದ್ದಮೆಗಳು ಬಹು ಸ್ವಲ್ಪವಾದುದರಿಂದ, ಆ ದೇಶದ ಸಾಮಾನ್ಯ ಪ್ರಜೆಗೆ ಫೆಡರಲ್ ವಿಷಯದಲ್ಲಿ ಕಡೆಯ ಮಾತು ಬರುವುದು ಬಹುಮಟ್ಟಿಗೆ ಇಲ್ಲಿಂದಲೇ. ಹೀಗಿದ್ದರೂ ಹೊರಗಿನವರಾದ ನಮಗೆ ಇವುಗಳ ನ್ಯಾಯಾಧೀಶರ ಹೆಸರು ಒಂದಾದರೂ ಗೊತ್ತಿರುವುದು ಅಪೂರ್ವ.

ಸರ್ಕೀಟಿನ ಮಾತಿಗೆ ಬರೋಣ. ೧೭೮೯ರ ಸೆಪ್ಟೆಂಬರಿನಲ್ಲಿ ಅಲ್ಲಿಯ ಕಾಂಗ್ರೆಸ್ಸು ನ್ಯಾಯಾಂಗದ ಮೊದಲ ಶಾಸನವನ್ನು ಮಾಡಿದಾಗ ದೇಶವನ್ನು ಪೂರ್ವ, ಮಧ್ಯ, ದಕ್ಷಿಣ ಎಂದು ಮೂರು ಸರ್ಕ್ಯೂಟುಗಳನ್ನಾಗಿ ವಿಂಗಡಿಸಿದರು. ಸರ್ಕ್ಯೂಟ್ ಕೋರ್ಟು ಎಂಬುದೇನೋ ಹುಟ್ಟಿತು. ಆದರೆ ಅದಕ್ಕೆ ಸ್ವಂತ ನ್ಯಾಯಾಧೀಶರಿರಲಿಲ್ಲ! ಸುಪ್ರೀಂ ಕೋರ್ಟಿನ ಆರು ಮಂದಿ ನ್ಯಾಯಮೂರ್ತಿಗಳಲ್ಲಿ ಇಬ್ಬಿಬ್ಬರು ವರ್ಷಕ್ಕೆ ಎರಡು ಬಾರಿ ತಮ್ಮ ಸರ್ಕ್ಯೂಟಿನ ಜಿಲ್ಲೆ ಜಿಲ್ಲೆಗೂ ಹೋಗಿ, ಅಲ್ಲಿಯ ಜಿಲ್ಲಾ ನ್ಯಾಯಾಧೀಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ನ್ಯಾಯ ಹೇಳಬೇಕಾಗಿದ್ದಿತು. ಇದು ಮುಖ್ಯವಾಗಿ ಅಪೀಲು ಕೇಳುವ ಕೋರ್ಟಲ್ಲ, ಸಾಕ್ಷಿ ಕರೆದು ವಿಚಾರಣೆ ನಡೆಸುವ ಕೋರ್ಟು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೊಂದು ದೊಡ್ಡ ತೊಡಕಾಗುತ್ತದೆ.

ದಕ್ಷಿಣ ಸರ್ಕ್ಯೂಟು ಜೇಮ್ಸ್ ಐರ್‌ಡೆಲ್ ಎಂಬಾತನ ಪಾಲಿಗೆ ಬಂದಿತು. ಉತ್ತರ ಕ್ಯಾರೊಲಿನ, ದಕ್ಷಿಣ ಕ್ಯಾರೊಲಿನ, ಜಾರ್ಜಿಯ. ರಸ್ತೆಯೆಂಬುದು ಹೆಸರಿಗೆ ಮಾತ್ರ. ಹೊಳೆ ಬಂದರೆ ಕಾಯಬೇಕು, ಗಾಡಿ ಮುರಿದರೆ ನಡೆಯಬೇಕು, ರಾತ್ರಿ ಸಿಕ್ಕಿದ ಛತ್ರದಲ್ಲಿ ಮಲಗಬೇಕು. ನ್ಯಾಯಮೂರ್ತಿಗಳೆಲ್ಲ ಸೇರಿ ೧೭೯೨ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನನ ಮೂಲಕ ಕಾಂಗ್ರೆಸ್ಸಿಗೆ ಅಹವಾಲು ಕಳುಹಿಸಿದರು. ಮಾರನೆಯ ವರ್ಷ ಇಬ್ಬರ ಬದಲು ಒಬ್ಬರು ಹೋದರೆ ಸಾಕೆಂದು ಕಾನೂನಾಯಿತು. ಐರ್‌ಡೆಲ್ ೧೭೯೯ರಲ್ಲಿ ತೀರಿಕೊಂಡಾಗ ಅವನಿಗೆ ೪೮ ವರ್ಷ. ಸರ್ಕೀಟೇ ಅವನನ್ನು ತಿಂದಿತೆಂದು ನಾನು ಹೇಳಲಾರೆ. ಆದರೆ ಅದರಿಂದ ಅವನ ಆಯುಸ್ಸು ಹೆಚ್ಚಾಗಲಿಲ್ಲವೆಂಬುದು ಖಂಡಿತ.

ಮುಂದೆ ೧೮೦೧ರ ಪ್ರಸಂಗವು ನಾಟಕದಂತಿದೆ. ಚುನಾವಣೆಯಲ್ಲಿ ಸೋತ ಅಧ್ಯಕ್ಷ ಜಾನ್ ಆಡಮ್ಸನು ಅಧಿಕಾರ ಬಿಡಲು ಮೂರು ವಾರವೂ ಇಲ್ಲದಿರುವಾಗ, ಫೆಬ್ರವರಿ ೧೩ರಂದು, ಹೊಸ ಶಾಸನವೊಂದು ಬಂದಿತು. ಆರು ಸರ್ಕ್ಯೂಟುಗಳು, ೧೬ ಹೊಸ ಸರ್ಕ್ಯೂಟ್ ನ್ಯಾಯಾಧೀಶರ ಸ್ಥಾನಗಳು. ಸುಪ್ರೀಂ ಕೋರ್ಟಿನವರಿಗೆ ಸರ್ಕೀಟಿನಿಂದ ಬಿಡುಗಡೆ. ಆಡಮ್ಸನು ಅವಸರದಲ್ಲಿ ತನ್ನ ಪಕ್ಷದವರನ್ನು ಆ ಸ್ಥಾನಗಳಿಗೆ ನೇಮಿಸಿದನು. ಇವರಿಗೆ 'ನಡುರಾತ್ರಿಯ ನ್ಯಾಯಾಧೀಶರು' ಎಂಬ ಅಡ್ಡಹೆಸರು ಬಿದ್ದಿತು. ಹೊಸದಾಗಿ ಬಂದ ಜೆಫರ್ಸನ್ನನ ಪಕ್ಷದವರು ೧೮೦೨ರ ಮಾರ್ಚಿಯಲ್ಲಿ ಆ ಶಾಸನವನ್ನೇ ರದ್ದುಮಾಡಿದರು. ನಡತೆ ಸರಿಯಿರುವವರೆಗೆ ನ್ಯಾಯಾಧೀಶನನ್ನು ತೆಗೆಯಕೂಡದೆಂದು ಸಂವಿಧಾನದಲ್ಲಿದೆ. ನ್ಯಾಯಾಧೀಶನನ್ನು ತೆಗೆಯಲಿಲ್ಲ, ಅವನು ಕೂತಿದ್ದ ಪೀಠವನ್ನೇ ತೆಗೆದರು! ಸಂವಿಧಾನಕ್ಕೆ ಸಹಿ ಹಾಕಿದ ರಿಚರ್ಡ್ ಬ್ಯಾಸೆಟ್, ಹಿಂದೆ ಹಣಕಾಸಿನ ಕಾರ್ಯದರ್ಶಿಯಾಗಿದ್ದ ಆಲಿವರ್ ವೋಲ್ಕಾಟ್ ಮೊದಲಾದವರು ಹೀಗೆ ಒಂದೂವರೆ ವರ್ಷದೊಳಗೆ ಪೀಠವಿಲ್ಲದವರಾದರು. ಈ ಹೆಸರುಗಳನ್ನು ಕಂಡಾಗಲೆಲ್ಲ ಮಾರ್ಬರಿಯ ಹೆಸರನ್ನೂ ಇವರೊಡನೆ ಸೇರಿಸಿಬಿಡುವ ಪದ್ಧತಿ ಉಂಟು. ಪ್ರಸಿದ್ಧವಾದ ಮಾರ್ಬರಿ ಮೊಕದ್ದಮೆಯ ಆ ಮನುಷ್ಯ ರಾಜಧಾನಿಯ ಪ್ರಾಂತದಲ್ಲಿ ಸಣ್ಣ ಮ್ಯಾಜಿಸ್ಟ್ರೇಟನ ಹುದ್ದೆಗೆ ನೇಮಕವಾಗಿದ್ದವನು, ಸರ್ಕ್ಯೂಟ್ ನ್ಯಾಯಾಧೀಶನಲ್ಲ. ನಾನು ನೋಡಿದ ಒಂದು ಕನ್ನಡ ಟಿಪ್ಪಣಿಯಲ್ಲಿ ಈ ತಪ್ಪಿದ್ದಿತು, ತಿದ್ದಿದೆ.

ಸುಪ್ರೀಂ ಕೋರ್ಟಿನವರು ಮತ್ತೆ ಗಾಡಿ ಹತ್ತಿದರು. ದೇಶ ಪಶ್ಚಿಮಕ್ಕೆ ಬೆಳೆದಂತೆ ಸರ್ಕೀಟೂ ಬೆಳೆಯಿತು. ಅಲಬಾಮ, ಮಿಸಿಸಿಪ್ಪಿ, ಲೂಯಿಸಿಯಾನ, ಆರ್ಕನ್ಸಾಗಳ ಭಾಗ ವಹಿಸಿದ್ದ ನ್ಯಾಯಮೂರ್ತಿ ಜಾನ್ ಮೆಕಿನ್ಲಿ ವರ್ಷಕ್ಕೆ ೧೦,೦೦೦ ಮೈಲಿ ತಿರುಗಬೇಕೆಂದು ೧೮೩೮ರಲ್ಲಿ ಲೆಕ್ಕ ಕೊಟ್ಟನು. ನಮ್ಮ ಅಮಲ್ದಾರರು ಇದನ್ನು ಕೇಳಿದ್ದರೆ ತಮ್ಮ ಹುದ್ದೆಯೇ ಮೇಲೆಂದು ಕೈ ಮುಗಿಯುತ್ತಿದ್ದರು. ಕೊನೆಗೆ ೧೮೬೯ರಲ್ಲಿ ಒಂಬತ್ತು ಸರ್ಕ್ಯೂಟಿಗೂ ಒಬ್ಬೊಬ್ಬ ಸ್ವಂತ ನ್ಯಾಯಾಧೀಶನನ್ನು ಕೊಟ್ಟರು. ೧೮೦೨ರಿಂದ ೧೮೬೯ರವರೆಗೆ ಸರ್ಕ್ಯೂಟ್ ನ್ಯಾಯಾಧೀಶರೇ ಇರಲಿಲ್ಲವೆಂದು ನಾನು ಮೊದಲು ಬರೆದಿದ್ದೆ. ಅದೂ ಪೂರ್ತಿ ನಿಜವಲ್ಲ. ಬಹು ದೂರದ ಕ್ಯಾಲಿಫೋರ್ನಿಯಕ್ಕೆಂದು ೧೮೫೫ರಲ್ಲಿ ಪ್ರತ್ಯೇಕವಾಗಿ ಒಬ್ಬ ನ್ಯಾಯಾಧೀಶನಿದ್ದನು. ಅವನ ಹೆಸರು ಮ್ಯಾಥ್ಯೂ ಹಾಲ್ ಮೆಕಾಲಿಸ್ಟರ್. ೧೮೬೩ರಲ್ಲಿ ಆ ಹುದ್ದೆ ಮುಗಿಯಿತು. ಪಟ್ಟಿ ಮಾಡುವವನ ಪಾಲಿಗೆ ಇಂತಹ ಒಬ್ಬ ಒಂಟಿ ಮನುಷ್ಯನು ಒಂದು ಸೈನ್ಯಕ್ಕಿಂತ ಹೆಚ್ಚು ತೊಂದರೆ ಕೊಡುತ್ತಾನೆ.

ಇಂದಿನ ಅಪೀಲು ನ್ಯಾಯಾಲಯಗಳು ಹುಟ್ಟಿದ್ದು ೧೮೯೧ರ ಮಾರ್ಚಿ ೩ರ ಶಾಸನದಿಂದ. ನ್ಯೂಯಾರ್ಕಿನ ಸೆನೆಟರಾಗಿದ್ದ ವಿಲಿಯಂ ಎವರ್ಟ್ಸ್ ಅದನ್ನು ನಡೆಸಿಕೊಟ್ಟುದರಿಂದ ಅದಕ್ಕೆ ಎವರ್ಟ್ಸ್ ಶಾಸನವೆಂದು ಹೆಸರು. ಸುಪ್ರೀಂ ಕೋರ್ಟಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ಅಪೀಲುಗಳಿಗೆ ಹೀಗೊಂದು ದಾರಿಯಾಯಿತು. ವಿಚಿತ್ರವೆಂದರೆ, ಹಳೆಯ ಸರ್ಕ್ಯೂಟ್ ಕೋರ್ಟನ್ನು ಆಗ ತೆಗೆಯಲಿಲ್ಲ. 'ಸರ್ಕ್ಯೂಟ್ ಕೋರ್ಟು' ಒಂದು, 'ಸರ್ಕ್ಯೂಟ್ ಅಪೀಲು ಕೋರ್ಟು' ಇನ್ನೊಂದು. ಎರಡೂ ಇಪ್ಪತ್ತು ವರ್ಷ ಜೊತೆಜೊತೆಗೆ ನಡೆದವು. ಅದೇ ನ್ಯಾಯಾಧೀಶರು ಎರಡರಲ್ಲಿಯೂ ಕೂರಬಹುದಾಗಿದ್ದಿತು. ಹಳೆಯದು ತೊಲಗಿದ್ದು ೧೯೧೨ರ ಜನವರಿ ೧ಕ್ಕೆ. ಈಗಿನ ಹೆಸರಿನ ರೂಪ ಬಂದುದು ೧೯೪೮ರಲ್ಲಿ.

ಇಲ್ಲಿ ಒಬ್ಬನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಒಂಬತ್ತನೆಯ ಸರ್ಕ್ಯೂಟಿನ ಅಪೀಲು ನ್ಯಾಯಾಲಯದ ನ್ಯಾಯಾಧೀಶರ ಪಟ್ಟಿಯನ್ನು ತೆಗೆದರೆ ಮೊದಲಲ್ಲಿಯೇ ಲೊರೆನ್ಸೊ ಸಾಯರ್ ಎಂಬ ಹೆಸರಿದೆ. ಎದುರಿಗೆ ೧೮೯೧ರಿಂದ ೧೮೯೧ ಎಂದಿದೆ. ಓದಿದವರು ಏನೆಂದುಕೊಳ್ಳಬೇಕು? ಯಾರೋ ಬಂದು ಮೂರು ತಿಂಗಳಿದ್ದು ಹೋದ ಪುಣ್ಯಾತ್ಮ ಎಂದು ತಾನೆ? ನಾನೂ ಹಾಗೆಯೇ ಎಂದುಕೊಂಡೆ. ಅಸಲು ಸಂಗತಿ ಬೇರೆ. ಸಾಯರ್ ೧೮೭೦ರಿಂದಲೇ ಸರ್ಕ್ಯೂಟ್ ನ್ಯಾಯಾಧೀಶನಾಗಿದ್ದನು. ೧೮೯೧ರ ಜೂನ್ ೧೬ರಂದು ಹೊಸ ನ್ಯಾಯಾಲಯ ರೂಪುಗೊಂಡಾಗ ಕಾನೂನಿನ ಬಲದಿಂದಲೇ ಅದರ ನ್ಯಾಯಾಧೀಶನೂ ಆದನು. ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಇಪ್ಪತ್ತೊಂದು ವರ್ಷದ ದುಡಿಮೆ ಅಂಕಣದಲ್ಲಿ ಮೂರು ತಿಂಗಳಾಗಿ ಉಳಿದಿದೆ.

ಆ ಇಪ್ಪತ್ತೊಂದು ವರ್ಷದಲ್ಲಿ ಅವನು ಮಾಡಿದ್ದೇನು? ಕ್ಯಾಲಿಫೋರ್ನಿಯದಲ್ಲಿ ಚಿನ್ನಕ್ಕಾಗಿ ದೊಡ್ಡ ದೊಡ್ಡ ಜಲಯಂತ್ರಗಳಿಂದ ನೀರು ಚಿಮ್ಮಿಸಿ ಬೆಟ್ಟಗಳನ್ನೇ ಕರಗಿಸುವ ಪದ್ಧತಿಯಿದ್ದಿತು. ಕರಗಿದ ಕಲ್ಲುಮಣ್ಣು ಯೂಬ ನದಿಯಲ್ಲಿ ಇಳಿದು, ಪಾತ್ರವನ್ನು ತುಂಬಿಸಿ, ಕೆಳಗಿನ ಹೊಲಗಳ ಮೇಲೆ ಹರಡಿತು. ಮೇರಿಸ್‌ವಿಲ್ಲೆಯ ಸುತ್ತಿನ ಬೇಸಾಯಗಾರರ ಬಾಳು ಹೂಳಿನಲ್ಲಿ ಹೂತುಹೋಗುವ ಗತಿ ಬಂದಿತು. ಸಾಯರನು ಯೌವನದಲ್ಲಿ ಚಿನ್ನದ ಕಾಲದ ಕ್ಯಾಲಿಫೋರ್ನಿಯಕ್ಕೇ ಬಂದು ನೆಲಸಿದವನು. ೧೮೮೪ರ ಜನವರಿಯಲ್ಲಿ ಅವನು ಕೊಟ್ಟ ತೀರ್ಪು, ಕಲ್ಲುಮಣ್ಣನ್ನು ನದಿಗೆ ಬಿಡಕೂಡದೆಂದು ಗಣಿಯವರ ಕೈ ಕಟ್ಟಿತು. ಗಣಿಯ ಕಂಪನಿಗಳು ಶಕ್ತಿವಂತವಾಗಿದ್ದ ಆ ಕಾಲದಲ್ಲಿ ಬೇಸಾಯಗಾರನ ಪಕ್ಕದಲ್ಲಿ ನಿಂತ ತೀರ್ಪು ಅದು. ನದಿ, ಗಣಿ, ಬೇಸಾಯ ಈ ಮೂರರ ಜಗಳವನ್ನು ಕಂಡಿರುವ ನಮ್ಮ ಜನಕ್ಕೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾದುದಿಲ್ಲ. ಪಟ್ಟಿಯ ಅಡಿಯಲ್ಲಿ ಎರಡು ವಾಕ್ಯದ ಟಿಪ್ಪಣಿ ಸೇರಿಸಿ ಸಾಯರನ ವರ್ಷಗಳನ್ನು ಸರಿಪಡಿಸಿದ ದಿನ ನನಗೆ ಸಮಾಧಾನವಾಯಿತು.

ಇಷ್ಟೆಲ್ಲ ಮಾಹಿತಿ ಎಲ್ಲಿಂದ ಬರುತ್ತದೆಂದು ಕೇಳಬಹುದು. ಅಮೆರಿಕದ ಕಾಂಗ್ರೆಸ್ಸು ೧೯೬೭ರಲ್ಲಿ ಫೆಡರಲ್ ಜುಡಿಷಿಯಲ್ ಸೆಂಟರ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ೧೭೮೯ರಿಂದ ಇಂದಿನವರೆಗೆ ಆಜೀವ ಹುದ್ದೆಯ ಫೆಡರಲ್ ನ್ಯಾಯಾಧೀಶರೆಲ್ಲರ ಚರಿತ್ರಕೋಶವನ್ನು ಅದು ಇಟ್ಟಿದೆ: ಹುಟ್ಟು, ಓದು, ನಾಮಕರಣವಾದ ದಿನ, ಸೆನೆಟ್ ಒಪ್ಪಿದ ದಿನ, ಸನದು ಪಡೆದ ದಿನ, ಯಾರು ತೆರವು ಮಾಡಿದ ಸ್ಥಾನ, ಹುದ್ದೆ ಮುಗಿದ ಬಗೆ. ಸರ್ಕಾರದ ಬರಹವಾದುದರಿಂದ ಅದಕ್ಕೆ ಗ್ರಂಥಸ್ವಾಮ್ಯದ ತಡೆಯಿಲ್ಲ. ವಿಶ್ವಕೋಶದ ಇಂಗ್ಲಿಷ್ ಲೇಖನಗಳಲ್ಲಿ ಎಷ್ಟೋ ಭಾಗಕ್ಕೆ ಇದೇ ತಳಹದಿ. ಪಂಡಿತ ತರಗತಿಯಲ್ಲಿ ಶಾಸನಪಾಠಗಳನ್ನು ಓದಿದವರಿಗೆ ಇದು ಹೊಸ ಬಗೆಯ ಸಾಮಗ್ರಿಯೇನೂ ಅಲ್ಲ. ವಂಶಾವಳಿ ಹೇಳುವ ಶಾಸನ ಯಾರ ಮಗ ಯಾರು, ಯಾವ ಶಕವರ್ಷ, ಯಾರಿಗೆ ಎಷ್ಟು ದತ್ತಿ ಎಂಬುದನ್ನು ಹೇಳುತ್ತದೆ. ಆ ಅರಸನ ಕಾಲದಲ್ಲಿ ಊರಿನವರು ಹೇಗಿದ್ದರೆಂಬುದನ್ನು ಬೇರೆಡೆ ಹುಡುಕಬೇಕು. ಆರ್. ನರಸಿಂಹಾಚಾರ್ಯರು ಕವಿಚರಿತೆಯ ಮೊದಲ ಸಂಪುಟವನ್ನು ೧೯೦೭ರಲ್ಲಿ ಹೊರತಂದವರು, ಹೊಸ ಆಧಾರಗಳು ಸಿಕ್ಕ ಮೇಲೆ ಅದನ್ನೇ ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿದರು. ಒಂದು ಸಲ ಬರೆದ ಕಾಲನಿರ್ಣಯವನ್ನು ಅಷ್ಟು ದೊಡ್ಡವರೇ ತಿದ್ದಿಕೊಂಡಿರುವಾಗ ನಮ್ಮಂತಹವರಿಗೆ ನಾಚಿಕೆಯೇಕೆ?

ನನ್ನ ದೊಡ್ಡ ತಪ್ಪು 'ಸೀನಿಯರ್' ಎಂಬ ಒಂದು ಶಬ್ದದಿಂದ ಆದುದು. ಎರಡನೆಯ ಸರ್ಕ್ಯೂಟಿನ ಲರ್ನೆಡ್ ಹ್ಯಾಂಡ್ ಅವರು ಸುಪ್ರೀಂ ಕೋರ್ಟಿಗೆ ಏರದೆಯೇ ಅಲ್ಲಿಯ ಅನೇಕರಿಗಿಂತ ಹೆಚ್ಚು ಕೀರ್ತಿ ಗಳಿಸಿದವರು. ೧೯೦೯ರಲ್ಲಿ ಜಿಲ್ಲಾ ನ್ಯಾಯಾಧೀಶರು, ೧೯೨೪ರಿಂದ ಅಪೀಲು ನ್ಯಾಯಾಧೀಶರು. ೧೯೩೯ರಲ್ಲಿ 'ಸೀನಿಯರ್ ಸರ್ಕ್ಯೂಟ್ ಜಡ್ಜಿ' ಆದರೆಂದು ಮೂಲದಲ್ಲಿದ್ದಿತು. ಇಂದು ಅಲ್ಲಿ 'ಸೀನಿಯರ್' ಎಂದರೆ ವಯಸ್ಸಾಗಿ ಪೂರ್ಣ ಕೆಲಸದಿಂದ ಸರಿದು, ಇಷ್ಟವಿದ್ದಷ್ಟು ಮೊಕದ್ದಮೆ ನೋಡುವ ನ್ಯಾಯಾಧೀಶ. ಅದನ್ನು ತಿಳಿದಿದ್ದ ನಾನು, ತಿಳಿದವನ ಗರ್ವದಿಂದ, ಹ್ಯಾಂಡ್ ಅವರು ೧೯೩೯ರಲ್ಲಿ ಅರೆನಿವೃತ್ತರಾದರೆಂದು ಬರೆದೆ. ೧೯೪೮ಕ್ಕೆ ಹಿಂದೆ ಆ ಮಾತಿನ ಅರ್ಥ ತಲೆಕೆಳಗು: ಇರುವವರಲ್ಲಿ ಹಿರಿಯನಾಗಿ ನ್ಯಾಯಾಲಯದ ಯಜಮಾನಿಕೆ ನಡೆಸುವವನು 'ಸೀನಿಯರ್'. ೧೯೪೮ರಲ್ಲಿ ಆ ಸ್ಥಾನಕ್ಕೆ ಮುಖ್ಯ ನ್ಯಾಯಾಧೀಶ ಎಂಬ ಹೆಸರು ಬಂದಿತು. ಹ್ಯಾಂಡ್ ಅವರು ನಿಜವಾಗಿ ಸಕ್ರಿಯ ಸೇವೆಯಿಂದ ಸರಿದದ್ದು ೧೯೫೧ರಲ್ಲಿ. ಮನೆಯ ಯಜಮಾನನನ್ನು ಹನ್ನೆರಡು ವರ್ಷ ಮೊದಲೇ ನಾನು ಜಗಲಿಗೆ ಕಳುಹಿಸಿದ್ದೆ. ಎಂಟು ತಿಂಗಳು ಆ ವಾಕ್ಯ ಹಾಗೆಯೇ ಇದ್ದಿತು, ಯಾರೂ ತಿದ್ದಲಿಲ್ಲ. ಇಂಗ್ಲಿಷಿನಲ್ಲಾದರೆ ಎಂಟು ದಿನವೂ ಉಳಿಯುತ್ತಿರಲಿಲ್ಲವೇನೋ. ಕನ್ನಡದಲ್ಲಿ ನೋಡುವ ಕಣ್ಣು ಕಡಮೆ. ನಮ್ಮ ಶಾಲೆಯ ಹುಡುಗರು ಅದನ್ನೇ ಪ್ರತಿಮಾಡಿಕೊಂಡು ಹೋಗಿದ್ದರೆಂಬುದು ತಿಳಿದಾಗ, ಒಬ್ಬೊಬ್ಬನನ್ನೂ ಕರೆದು ಹೇಳಬೇಕಾಯಿತು.

ಹ್ಯಾಂಡ್ ಅವರಿಗೆ ಆ ಯಜಮಾನಿಕೆ ಬಂದುದು ಹೇಗೆಂಬುದೂ ಗಮನಿಸತಕ್ಕದ್ದು. ಅವರ ಹಿಂದೆ ಅಲ್ಲಿದ್ದವನು ಮಾರ್ಟಿನ್ ಮ್ಯಾಂಟನ್. ಕಕ್ಷಿಗಾರರಿಂದ ಹಣ ಪಡೆದ ವಿಚಾರ ಬಯಲಾಗಿ ೧೯೩೯ರಲ್ಲಿ ಹುದ್ದೆ ಬಿಟ್ಟನು. ಅದೇ ವರ್ಷ ಅಪರಾಧಿಯೆಂದು ತೀರ್ಮಾನವಾಗಿ ಆಮೇಲೆ ಸೆರೆಮನೆಗೂ ಹೋದನು. ಅಂಕಣದಲ್ಲಿ 'ರಾಜೀನಾಮೆ' ಎಂದು ಬರೆದರೆ ಅದು ಸುಳ್ಳಲ್ಲ. ಆದರೆ ನಿಜವೆನ್ನಲು ನನ್ನ ಮನಸ್ಸು ಒಪ್ಪದು. ಅಂಕಣ ಅಂಕಣವಾಗಿಯೇ ಇರಲಿ. ಲೇಖನದ ಮೈಯಲ್ಲಿ ಉಳಿದುದನ್ನು ಹೇಳಲೇಬೇಕು.

ಇದರ ಎದುರು ಬದಿಯೂ ಒಂದುಂಟು. ೧೯೬೧ರ ಮೇ ತಿಂಗಳಲ್ಲಿ, ಬಸ್ಸುಗಳಲ್ಲಿ ವರ್ಣಭೇದವನ್ನು ಎದುರಿಸಿ ಹೊರಟ ಯುವಕ ಯುವತಿಯರು ಅಲಬಾಮದ ಮಾಂಟ್‌ಗೊಮರಿ ನಗರಕ್ಕೆ ಬಂದಿಳಿದಾಗ ಜನ ಗುಂಪುಕಟ್ಟಿ ಅವರನ್ನು ಬಡಿದರು. ಅಲ್ಲಿ ಸರ್ಕಾರದ ಪ್ರತಿನಿಧಿಯಾಗಿದ್ದ ಜಾನ್ ಸೀಗೆಂತಾಲರ್ ಎಂಬವರು ಒಬ್ಬ ಹುಡುಗಿಯನ್ನು ಪಾರುಮಾಡಲು ಹೋಗಿ ಏಟು ತಿಂದು ಎಚ್ಚರತಪ್ಪಿ ಬಿದ್ದರು. ಆ ನಗರದ ಫೆಡರಲ್ ಜಿಲ್ಲಾ ನ್ಯಾಯಾಧೀಶರಾದ ಫ್ರಾಂಕ್ ಜಾನ್ಸನ್ ಆ ಗಲಭೆಯವರ ಮೇಲೆ ತಡೆಯಾಜ್ಞೆ ಹೊರಡಿಸಿದರು. ಅದೇ ಸೀಗೆಂತಾಲರ್ ಅವರ ಮೇಲೆ, ೨೦೦೫ರಲ್ಲಿ, ವಿಕಿಪೀಡಿಯದ ಲೇಖನವೊಂದರಲ್ಲಿ ಯಾರೋ ಒಬ್ಬ ವಿನೋದಕ್ಕೆಂದು ಕೆನಡಿ ಸೋದರರ ಕೊಲೆಯ ಸಂಶಯವನ್ನು ಹೊರಿಸಿ ಬರೆದನು. ನಾಲ್ಕು ತಿಂಗಳಿಗೂ ಮೇಲೆ ಅದು ಅಲ್ಲಿಯೇ ಇದ್ದಿತು. ಅವರು ಪತ್ರಿಕೆಯಲ್ಲಿ ಬರೆದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ಬದುಕಿರುವವರ ವಿಷಯದಲ್ಲಿ ಆಧಾರವಿಲ್ಲದ ಆಕ್ಷೇಪವನ್ನು ಒಡನೆ ತೆಗೆದುಹಾಕಬೇಕೆಂಬ ನಿಯಮವನ್ನು ಆ ಬಳಿಕ ಬಿಗಿಮಾಡಿದರು. ನ್ಯಾಯಾಧೀಶರ ವಿಷಯದಲ್ಲಿ ಇದು ಬಹು ಮುಖ್ಯ. ಸೋತ ಕಕ್ಷಿಗಾರನ ಕೈಯಲ್ಲಿ ಲೇಖನಿ ಸಿಕ್ಕರೆ ಏನಾದೀತೆಂದು ಊಹಿಸಬಹುದು.

ಜಾನ್ಸನ್ ಅವರ ಹೆಸರು ಬಂದುದರಿಂದ ಐದನೆಯ ಸರ್ಕ್ಯೂಟಿನ ಮಾತನ್ನು ಹೇಳದೆ ಮುಂದೆ ಹೋಗಲಾಗದು. ಟೆಕ್ಸಾಸಿನಿಂದ ಫ್ಲಾರಿಡದವರೆಗೆ ಆರು ಸಂಸ್ಥಾನಗಳು ಅದರೊಳಗಿದ್ದವು. ಶಾಲೆಗಳಲ್ಲಿ ಬಿಳಿಯರು ಕರಿಯರೆಂಬ ಭೇದ ಕೂಡದೆಂದು ೧೯೫೪ರಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಆ ದಕ್ಷಿಣದ ನೆಲದಲ್ಲಿ ನಡೆಸಿ ತೋರಿಸಬೇಕಾದವರು ಈ ನ್ಯಾಯಾಲಯದವರು. ರಿಚರ್ಡ್ ರೈವ್ಸ್, ಎಲ್ಬರ್ಟ್ ಟಟಲ್, ಜಾನ್ ಬ್ರೌನ್, ಜಾನ್ ಮೈನರ್ ವಿಸ್‌ಡಮ್ ಎಂಬ ನಾಲ್ವರು ಈ ಹೊರೆ ಹೊತ್ತರು. ಜೇಮ್ಸ್ ಮೆರೆಡಿತ್ ಎಂಬ ಯುವಕನನ್ನು ಮಿಸಿಸಿಪ್ಪಿಯ ವಿಶ್ವವಿದ್ಯಾನಿಲಯಕ್ಕೆ ಸೇರಿಸಿಕೊಳ್ಳಬೇಕೆಂಬ ೧೯೬೨ರ ತೀರ್ಪನ್ನು ಬರೆದವರು ವಿಸ್‌ಡಮ್. ಅದೇ ನ್ಯಾಯಾಲಯದ ಬೆನ್ ಕ್ಯಾಮರಾನ್ ಎಂಬವರು ಆ ಆಜ್ಞೆಗೆ ನಾಲ್ಕು ಸಲ ತಡೆ ಹಾಕಿದರು. ಕೊನೆಗೆ ಸುಪ್ರೀಂ ಕೋರ್ಟಿನ ಬ್ಲ್ಯಾಕ್ ಅವರು ಆ ತಡೆಗಳನ್ನು ತೆಗೆದರು. 'ಆ ನಾಲ್ವರು' ಎಂಬ ಹೆಸರನ್ನು ೧೯೬೩ರಲ್ಲಿ ಭಿನ್ನಮತದ ತೀರ್ಪೊಂದರಲ್ಲಿ ನಿಂದೆಯಾಗಿ ಎಸೆದವರೂ ಕ್ಯಾಮರಾನರೇ. ನಿಂದೆಗೆಂದು ಎಸೆದ ಕಲ್ಲು ಅವರ ಕೊರಳಿಗೆ ಹಾರವಾಗಿ ಬಿದ್ದಿತು. ಬೆಲೆ ತೆರದೆ ಇದಾಗಲಿಲ್ಲ. ೧೯೬೭ರಲ್ಲಿ ಜಾನ್ಸನ್ ಅವರ ತಾಯಿಯ ಮನೆಗೆ ಬಾಂಬು ಬಿದ್ದಿತು. ದೈವವಶದಿಂದ ಆಕೆಗೆ ಪೆಟ್ಟಾಗಲಿಲ್ಲ.

೧೯೮೧ರ ಅಕ್ಟೋಬರ್ ೧ರಂದು ಈ ನ್ಯಾಯಾಲಯವನ್ನು ಇಬ್ಭಾಗ ಮಾಡಿ ಅಲಬಾಮ, ಜಾರ್ಜಿಯ, ಫ್ಲಾರಿಡಗಳನ್ನು ಹನ್ನೊಂದನೆಯ ಸರ್ಕ್ಯೂಟೆಂದು ಹೊಸದಾಗಿ ಕಟ್ಟಿದರು. ಪಿತ್ರಾರ್ಜಿತ ಪಾಲಾದಂತೆ ನ್ಯಾಯಾಧೀಶರೂ ಪಾಲಾದರು. ಜಾರ್ಜಿಯದ ಟಟಲ್ ಅವರೂ ಅಲಬಾಮದ ರೈವ್ಸ್ ಅವರೂ ವೃದ್ಧಾಪ್ಯದಲ್ಲಿ ಹೊಸ ಮನೆಗೆ ಸೇರಿದರು. ವಿಸ್‌ಡಮ್, ಬ್ರೌನ್ ಹಳೆಯ ಮನೆಯಲ್ಲಿ ಉಳಿದರು. ೧೯೭೯ರಲ್ಲಿ ಅಪೀಲು ನ್ಯಾಯಾಲಯಕ್ಕೆ ಏರಿದ್ದ ಜಾನ್ಸನ್ ಅವರೂ ಹೊಸದಕ್ಕೆ ಹೋದರು. ಹೊಸ ನ್ಯಾಯಾಲಯವು ತನ್ನ ಆರಂಭದ ಒಂದು ತೀರ್ಪಿನಲ್ಲಿಯೇ, ಪಾಲಾಗುವ ಮೊದಲು ಹಳೆಯ ಐದನೆಯ ಸರ್ಕ್ಯೂಟು ಕೊಟ್ಟ ತೀರ್ಪುಗಳೆಲ್ಲ ತನಗೂ ಬದ್ಧವೆಂದು ಒಪ್ಪಿಕೊಂಡಿತು. ಕೋರ್ಟು ಹೀಗೆ ಸಾಲವನ್ನೂ ಆಸ್ತಿಯನ್ನೂ ಒಟ್ಟಿಗೆ ಒಪ್ಪಿಕೊಂಡಿತು. ಪಟ್ಟಿಗೆ ಆ ವಿವೇಕವಿಲ್ಲ. ಹನ್ನೊಂದರ ಪಟ್ಟಿಯಲ್ಲಿ ಟಟಲ್ ಅವರ ಹೆಸರನ್ನು ಕಂಡು, ಅವರ ಪ್ರಸಿದ್ಧ ತೀರ್ಪುಗಳೆಲ್ಲ ಅಲ್ಲಿಯವೆಂದು ಬರೆದುಬಿಡುವುದು ಬಹು ಸುಲಭ.

'ಮೊದಲಿಗರು' ಎಂಬುದು ಇನ್ನೊಂದು ಬಲೆ. ಮೊದಲ ಫೆಡರಲ್ ಮಹಿಳಾ ನ್ಯಾಯಾಧೀಶೆ ಯಾರು? ೧೯೨೮ರಲ್ಲಿ ಸುಂಕದ ನ್ಯಾಯಾಲಯಕ್ಕೆ ಬಂದ ಜೆನೆವೀವ್ ಕ್ಲೈನ್ ಎನ್ನಬಹುದು. ಅಪೀಲು ನ್ಯಾಯಾಲಯಕ್ಕೆ ಬಂದ ಮೊದಲಿಗರು ೧೯೩೪ರಲ್ಲಿ ಆರನೆಯ ಸರ್ಕ್ಯೂಟಿಗೆ ನೇಮಕವಾದ ಫ್ಲಾರೆನ್ಸ್ ಆಲೆನ್. ಆಕೆಯ ಬಳಿಕ ಎರಡನೆಯ ಮಹಿಳೆ ಬರಲು ೧೯೬೮ರವರೆಗೆ, ಎಂದರೆ ೩೪ ವರ್ಷ, ಕಾಯಬೇಕಾಯಿತು. ಕರಿಯರಲ್ಲಿ ಮೊದಲಿಗರಾದ ವಿಲಿಯಂ ಹೇಸ್ಟಿ ೧೯೩೭ರಲ್ಲಿ ವರ್ಜಿನ್ ದ್ವೀಪಗಳ ಜಿಲ್ಲಾ ನ್ಯಾಯಾಧೀಶರಾದರು; ಅದು ಆಜೀವ ಹುದ್ದೆಯಲ್ಲ. ಮೂರನೆಯ ಸರ್ಕ್ಯೂಟಿನ ಅಪೀಲು ನ್ಯಾಯಾಲಯಕ್ಕೆ ಅಧ್ಯಕ್ಷ ಟ್ರೂಮನ್ ಅವರನ್ನು ನೇಮಿಸಿದ್ದು ೧೯೪೯ರಲ್ಲಿ, ಸೆನೆಟ್ಟಿನ ಬಿಡುವಿನ ಕಾಲದಲ್ಲಿ. ಸೆನೆಟ್ ಒಪ್ಪಿದ್ದು ೧೯೫೦ರಲ್ಲಿ. ಹೀಗೆ ಒಬ್ಬರಿಗೇ ಮೂರು ವರ್ಷಗಳು. ಮೂರೂ ಒಂದೊಂದು ರೀತಿಯಲ್ಲಿ ಸರಿ. ಇವರಲ್ಲಿ ನಮ್ಮ ದೇಶದವರು ಯಾರಾದರೂ ಇದ್ದಾರೆಯೇ ಎಂದು ಹುಡುಗರು ಕೇಳದೆ ಬಿಡುವುದಿಲ್ಲ. ಚಂಡೀಗಢದಲ್ಲಿ ಹುಟ್ಟಿದ ಶ್ರೀ ಶ್ರೀನಿವಾಸನ್ ಅವರು ೨೦೧೩ರಲ್ಲಿ ರಾಜಧಾನಿಯ ಅಪೀಲು ನ್ಯಾಯಾಲಯಕ್ಕೆ ನೇಮಕವಾದರು; ಸೆನೆಟ್ಟಿನಲ್ಲಿ ಪರವಾಗಿ ೯೭ ಮತ, ವಿರೋಧ ಒಂದೂ ಇಲ್ಲ. ೨೦೨೦ರಲ್ಲಿ ಅದರ ಮುಖ್ಯ ನ್ಯಾಯಾಧೀಶರಾದರು. ಇವರ ಹೆಸರಿನ ಮೊದಲಿನ 'ಶ್ರೀ' ನಮ್ಮ ಗೌರವವಾಚಕವಲ್ಲ, ಹೆಸರೇ ಅದು ಎಂದು ಪ್ರತ್ಯೇಕವಾಗಿ ಹೇಳಬೇಕಾಗುತ್ತದೆ! ಯಾರೋ ಒಬ್ಬರು ಕನ್ನಡದಲ್ಲಿ ಅದನ್ನು ತೆಗೆದುಹಾಕಿದ್ದರು.

ಈಗ ಹುಡುಗನ ಪ್ರಶ್ನೆ. ಸರ್ಕ್ಯೂಟೆಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನಮ್ಮ ಉಚ್ಚ ನ್ಯಾಯಾಲಯಕ್ಕೆ ೨೦೦೮ರ ಜುಲೈಯಲ್ಲಿ ಧಾರವಾಡ, ಗುಲ್ಬರ್ಗಗಳಲ್ಲಿ ಪೀಠಗಳು ಆರಂಭವಾದಾಗ ಅವನ್ನು 'ಸಂಚಾರಿ ಪೀಠ'ಗಳೆಂದು ಕರೆದರು. ೨೦೧೩ರಲ್ಲಿ ಅವು ಕಾಯಂ ಆದ ಮೇಲೆ ಆ ವಿಶೇಷಣ ಬಿದ್ದುಹೋಯಿತು. ಇದು ಹದವಾದ ಪದ್ಧತಿ: ಸಂಚಾರ ನಿಂತಿತು, ಮಾತೂ ನಿಂತಿತು. ಅಮೆರಿಕದಲ್ಲಿ ಸಂಚಾರ ನಿಂತು ನೂರು ವರ್ಷಕ್ಕೂ ಮೇಲಾಯಿತು, ಮಾತು ಉಳಿದಿದೆ. ಅದೀಗ ಒಂದು ಸೀಮೆಯ ಹೆಸರು. ಆದ್ದರಿಂದ ೧೯೧೨ಕ್ಕೆ ಹಿಂದಿನ ಹಳೆಯ ಕೋರ್ಟಿಗೆ 'ಸಂಚಾರಿ ನ್ಯಾಯಾಲಯ' ಎಂದೂ, ಇಂದಿನದಕ್ಕೆ 'ಒಂಬತ್ತನೆಯ ವಲಯದ ಅಪೀಲು ನ್ಯಾಯಾಲಯ' ಎಂಬಂತೆ ವಲಯದ ಹೆಸರಿನಿಂದಲೂ ಬರೆಯುತ್ತಿದ್ದೇನೆ. ಇದಕ್ಕಿಂತ ಮೇಲಾದ ಮಾತನ್ನು ಯಾರಾದರೂ ಸೂಚಿಸಿದರೆ ಸಂತೋಷದಿಂದ ಬದಲಾಯಿಸುತ್ತೇನೆ. 'ಸರ್ಕೀಟು' ಎಂದೇ ಬಳಸಬೇಕೆಂಬ ಆಸೆ ನನ್ನೊಳಗೆ ಇದೆ; ಆದರೆ ಇಂದಿನ ಹುಡುಗರಿಗೆ ಆ ಮಾತೇ ಗೊತ್ತಿಲ್ಲ. ಪ್ರಶ್ನೆ ಕೇಳಿದ ಹುಡುಗನಿಗೆ ಅಮಲ್ದಾರರ ಕತೆಯನ್ನು ಹೇಳಿದೆ. ನಕ್ಕನು.

ಜೂಲಿಯನ್ ಮ್ಯಾಕ್ ಎಂಬ ನ್ಯಾಯಾಧೀಶರ ಲೇಖನವೊಂದು ಮೇಜಿನ ಮೇಲೆ ಹಾಗೆಯೇ ಇದೆ. ವಾಣಿಜ್ಯ ನ್ಯಾಯಾಲಯವೆಂದು ೧೯೧೦ರಲ್ಲಿ ಕಾನೂನಾದ ಒಂದು ಸಂಸ್ಥೆಗೆ ಅವರು ೧೯೧೧ರಲ್ಲಿ ನೇಮಕವಾದರು. ಅಲ್ಲಿ ಅವರ ಜೊತೆಯ ರಾಬರ್ಟ್ ಆರ್ಚ್‌ಬಾಲ್ಡ್ ಎಂಬಾತನನ್ನು ೧೯೧೩ರ ಜನವರಿಯಲ್ಲಿ ಸೆನೆಟ್ ಅಪರಾಧಿಯೆಂದು ತೆಗೆದುಹಾಕಿತು. ಅದೇ ವರ್ಷದ ಕೊನೆಗೆ ಆ ನ್ಯಾಯಾಲಯವೂ ಮುಚ್ಚಿತು. ಉಳಿದ ನ್ಯಾಯಾಧೀಶರು ಹುದ್ದೆ ಕಳೆದುಕೊಳ್ಳಲಿಲ್ಲ, ೧೮೦೨ರಂತೆ ಆಗಲಿಲ್ಲ. ಅವರನ್ನು ಅಪೀಲು ನ್ಯಾಯಾಲಯಗಳಿಗೆ ಹಂಚಿದರು. ಮ್ಯಾಕ್ ಅವರು ಷಿಕಾಗೋದ ಏಳನೆಯ ವಲಯದಲ್ಲಿ ಬಹುಕಾಲ ಕೂತು, ಮುಂದೆ ನ್ಯೂಯಾರ್ಕಿನ ಎರಡನೆಯ ವಲಯಕ್ಕೂ ಹೋದರು. ಅವರು ಯಾರ ಸ್ಥಾನಕ್ಕೆ ಬಂದರು, ಅವರ ಸ್ಥಾನಕ್ಕೆ ಯಾರು ಬಂದರು ಎಂಬ ಎರಡು ಮನೆಗಳಲ್ಲಿ ಏನು ತುಂಬಬೇಕು? ಸದ್ಯಕ್ಕೆ ಎರಡನ್ನೂ ಖಾಲಿ ಬಿಟ್ಟು, ಕೆಳಗೆ ಕಾರಣವನ್ನು ಬರೆದಿಟ್ಟಿದ್ದೇನೆ. ದಸರೆಯ ರಜೆಯಲ್ಲಿ ಮತ್ತೆ ನೋಡಬೇಕು.